ಸಿಗರೇಟು ತೆಗೆದ ಜಾಗಕ್ಕೆ ಏನು ಬರಬೇಕು?

ಅಮೆರಿಕದ ದೊಡ್ಡ ಔಷಧಿ ಅಂಗಡಿಗಳಲ್ಲಿ ಫಾರ್ಮಸಿ ಕೌಂಟರ್ ಸಾಮಾನ್ಯವಾಗಿ ಕಟ್ಟಕಡೆಗೆ ಇರುತ್ತದೆ. ಇನ್‌ಹೇಲರೋ ಬಿಪಿ ಮಾತ್ರೆಯೋ ತೆಗೆದುಕೊಂಡು ಬಾಗಿಲ ಕಡೆ ಬಂದರೆ ಇನ್ನೊಂದು ಕೌಂಟರ್. ಎಷ್ಟೋ ರಾಜ್ಯಗಳಲ್ಲಿ ಅಲ್ಲಿನ ಕ್ಯಾಷಿಯರ್ ಬೆನ್ನ ಹಿಂದೆ ಈಗಲೂ ಸಾಲುಸಾಲು ಸಿಗರೇಟು ಪ್ಯಾಕು. ಚಟ ಬಿಡಿಸುವ ನಿಕೋಟಿನ್ ಗಮ್ ಕೂಡ ಹಲವು ಕಡೆ ಅದರ ಪಕ್ಕದಲ್ಲೇ. ಮೆಡಿಕಲ್ಸ್‌ನಲ್ಲಿ ಸಿಗರೇಟೇ ಎಂದು ಊರಿನವರು ಹುಬ್ಬೇರಿಸುತ್ತಾರೆ, ಸರಿಯೇ. ಆದರೆ ನಮ್ಮ ಮೆಡಿಕಲ್ಸ್‌ನವರೂ ಬೀಗುವಂತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಅಮೆರಿಕದ ಫಾರ್ಮಸಿಸ್ಟರ ಸಂಘವೇ ತಂಬಾಕು ಮಾರಬೇಡಿ ಎಂದು 1971ರಲ್ಲೇ ಹೇಳಿತ್ತು. ಅಂಗಡಿ ಮಾಲೀಕರು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆನಡಾದ ಒಂಟಾರಿಯೊ 1994ರ ಕಾಯ್ದೆಯಿಂದ ನಿಲ್ಲಿಸಿತು. ಅಮೆರಿಕದಲ್ಲಿ ಮೊದಲು ನಿಷೇಧಿಸಿದ ನಗರ ಸ್ಯಾನ್ ಫ್ರಾನ್ಸಿಸ್ಕೊ, 2008ರಲ್ಲಿ. ನಾನಿರುವ ಮ್ಯಾಸಚೂಸೆಟ್ಸ್‌ನಲ್ಲಿ 2018ರ ಕೊನೆಗೆ ರಾಜ್ಯದುದ್ದಕ್ಕೂ ನಿಂತಿತು. ಕಾನೂನಿನ ಒತ್ತಾಯವಿಲ್ಲದೆ ದೇಶದ ಎಲ್ಲ ಮಳಿಗೆಗಳಿಂದ ಸಿಗರೇಟು ತೆಗೆದ ದೊಡ್ಡ ಸರಪಳಿ ಸಿವಿಎಸ್, 2014ರ ಸೆಪ್ಟೆಂಬರಿನಲ್ಲಿ. ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ವಹಿವಾಟು ಹೋಗುತ್ತದೆಂದು ಅವರೇ ಅಂದಾಜಿಸಿದ್ದರು. ಧರ್ಮಕ್ಕೆ ಮಾಡಿದ್ದೇನಲ್ಲ. ಕ್ಲಿನಿಕ್ಕುಗಳನ್ನೂ ನಡೆಸುವವರಿಗೆ ಸಿಗರೇಟು ಮಾರುತ್ತಾ ಆರೋಗ್ಯದ ಮಾತಾಡುವುದು ಮುಜುಗರವಾಗಿತ್ತು.

ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಸಿಗುತ್ತದಲ್ಲ, ಏನು ಪ್ರಯೋಜನ ಎಂಬುದು ಹಳೆಯ ವಾದ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸಿವಿಎಸ್‌ನಲ್ಲಿ ಮಾತ್ರ ಸಿಗರೇಟು ಕೊಳ್ಳುತ್ತಿದ್ದ ಮನೆಗಳು ಕೊಳ್ಳುವುದನ್ನೇ ನಿಲ್ಲಿಸುವ ಸಾಧ್ಯತೆ 38% ಹೆಚ್ಚಿತ್ತು. ಅಧ್ಯಯನ ನಡೆಸಿದವರಲ್ಲಿ ಸಿವಿಎಸ್‌ನವರೇ ಇದ್ದರು, ಆದ್ದರಿಂದ ಒಂದು ಚಿಟಿಕೆ ಅನುಮಾನ ಇಟ್ಟುಕೊಂಡೇ ಓದಬೇಕು. ಆದರೂ ತರ್ಕ ನಿಲ್ಲುತ್ತದೆ: ಬಿಡಬೇಕೆಂದುಕೊಂಡವನಿಗೆ ಗಮ್ ಕೊಳ್ಳುವ ಹೊತ್ತಿಗೇ ಸಿಗರೇಟು ಪ್ಯಾಕು ಕಣ್ಣಿಗೆ ಬೀಳದಿದ್ದರೆ ಅದೇ ದೊಡ್ಡ ಸಹಾಯ.

ನಮ್ಮಲ್ಲಿ ಸಿಗರೇಟಿಗೆ ಗೂಡಂಗಡಿ, ಮಾತ್ರೆಗೆ ಮೆಡಿಕಲ್ಸ್ ಎಂಬ ವಿಂಗಡಣೆ ರೂಢಿಯಿಂದಲೇ ಇದೆ. ಕೊರತೆ ಇರುವುದು ಕೌಂಟರಿನ ಮಾತಿನಲ್ಲಿ. ಔಷಧ ಕೊಡುವಾಗ ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟನ ಕರ್ತವ್ಯ ಎಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿ ಬರೆದಿದೆ. ನಡೆಯುವುದು ಬೇರೆ: ಗಮ್ ಕೇಳಿದರೆ ಸ್ಟ್ರಿಪ್ ಕತ್ತರಿಸಿ ಕೊಟ್ಟು ಚಿಲ್ಲರೆ ಎಣಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಾದರೆ 2013ರ ಕಾಯ್ದೆ, ತರಬೇತಿ ಪಡೆದ ಫಾರ್ಮಸಿಸ್ಟ್ ವೈದ್ಯರ ಚೀಟಿಯಿಲ್ಲದೆ ತಾನೇ ನಿಕೋಟಿನ್ ಚಿಕಿತ್ಸೆ ಶುರುಮಾಡಲು ದಾರಿ ಮಾಡಿತು.

ಗಮ್ ಕೊಡುವಾಗ ಹೇಳಬೇಕಾದ ಆ ಮಾತಿಗೆ ಐದು ನಿಮಿಷ ಸಾಕು. ಮೊದಲು ಕೇಳಬೇಕಾದದ್ದು: ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು? ಅರ್ಧ ಗಂಟೆಯೊಳಗೆ ಎಂದರೆ 4 ಮಿಲಿಗ್ರಾಂ ಗಮ್, ಆಮೇಲೆ ಎಂದರೆ 2. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ನಂತರ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಹೆಚ್ಚಿನವರು ಎಡವುವುದು ಅಗಿಯುವುದರಲ್ಲಿ. ನಿಧಾನಕ್ಕೆ ಅಗಿದು, ಮೆಣಸಿನಂಥ ಚುರುಕು ಬಂದ ಕೂಡಲೇ ನಿಲ್ಲಿಸಿ ಕೆನ್ನೆ-ವಸಡಿನ ನಡುವೆ ಒತ್ತರಿಸಬೇಕು. ಚುರುಕು ಹೋದ ಮೇಲೆ ಮತ್ತೆ ಅಗಿಯಬೇಕು. ಹೀಗೆ ಅರ್ಧ ಗಂಟೆ. ಬಬಲ್ ಗಮ್ಮಿನಂತೆ ಒಂದೇ ಸಮ ಜಗಿದರೆ ನಿಕೋಟಿನ್ ಎಂಜಲಿನ ಜೊತೆ ಹೊಟ್ಟೆಗಿಳಿಯುತ್ತದೆ: ಬಿಕ್ಕಳಿಕೆ, ಎದೆಯುರಿ, ವಾಕರಿಕೆ. ಹಾಗೆ ನುಂಗಿದ್ದರಲ್ಲಿ ಬಹುಪಾಲನ್ನು ಲಿವರ್ ಒಡೆದುಹಾಕುವುದರಿಂದ ಸಿಗರೇಟಿನ ತಲುಬೂ ತೀರುವುದಿಲ್ಲ. "ಗಮ್ಮಿನಿಂದ ಏನೂ ಆಗಲ್ಲ" ಎನ್ನುವವರಲ್ಲಿ ಅನೇಕರ ಕಥೆ ಇದೇ. ಕಾಫಿ, ಹಣ್ಣಿನ ರಸ ಕುಡಿದ ಹದಿನೈದು ನಿಮಿಷ ಗಮ್ ಬೇಡ. ಬಾಯಿ ಹುಳಿಯಾಗಿದ್ದರೆ ನಿಕೋಟಿನ್ ಒಳಚರ್ಮ ದಾಟುವುದಿಲ್ಲ.

ಫಾರ್ಮಸಿಸ್ಟ್ ಮಾತ್ರ ಹಿಡಿಯಬಲ್ಲ ಇನ್ನೊಂದು ಸಂಗತಿಯಿದೆ. ಸಿಗರೇಟಿನ ಹೊಗೆ ಲಿವರ್‌ನಲ್ಲಿ ಕೆಲವು ಔಷಧಗಳನ್ನು ಒಡೆಯುವ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಹೊಗೆಯಲ್ಲಿನ ಟಾರ್ ಇದಕ್ಕೆ ಕಾರಣ, ನಿಕೋಟಿನ್ ಅಲ್ಲ. ಹಾಗಾಗಿ ಗಮ್ ಹಾಕಿಕೊಂಡೇ ಸೇದುವುದನ್ನು ಬಿಟ್ಟರೂ ಕಿಣ್ವ ಕೆಲವೇ ದಿನಗಳಲ್ಲಿ ನಿಧಾನವಾಗುತ್ತದೆ, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಓಲಾಂಜಪಿನ್, ಉಬ್ಬಸಕ್ಕೆ ಕೊಡುವ ಥಿಯೊಫಿಲಿನ್ ಅದೇ ಡೋಸಿನಲ್ಲೇ ರಕ್ತದಲ್ಲಿ ಏರುತ್ತವೆ. ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಟ್ಟ ವಾರದಲ್ಲೇ ತೂಕಡಿಸತೊಡಗಿದರೆ ಕಾರಣ ಇಲ್ಲಿರಬಹುದು. ಡೋಸು ಬದಲಿಸುವುದು ವೈದ್ಯರ ಕೆಲಸ, ಆದರೆ ಅವರಿಗೆ ಮೊದಲೇ ಸುದ್ದಿ ಮುಟ್ಟಿಸಬಲ್ಲವನು ಎರಡೂ ಔಷಧವನ್ನು ಒಟ್ಟಿಗೆ ಕೊಟ್ಟವನೇ. ಪೆಟ್ರೋಲ್ ಬಂಕಿನವನಿಗೂ ಫಾರ್ಮಸಿಗೂ ಇರುವ ವ್ಯತ್ಯಾಸ ಇದು. ಅಲ್ಲೇ ಸಿಗರೇಟನ್ನೂ ಮಾರಿದರೆ ಈ ಮಾತಿಗೆ ತೂಕವೆಲ್ಲಿ?

ಆದರೆ ಅಮೆರಿಕದ ಪಾಠವನ್ನು ಹಾಗೇ ಊರಿಗೆ ತರಲಾಗದು. 2016-17ರ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಸೇದುವವರು 10.7%, ಬಾಯಿಗೆ ಹಾಕುವ ತಂಬಾಕಿನವರು 21.4%. ಹೊಗೆಸೊಪ್ಪು, ಖೈನಿ, ಗುಟ್ಕಾದಲ್ಲಿ ಹೊಗೆಯೇ ಇಲ್ಲದ್ದರಿಂದ ಮೇಲಿನ ಕಿಣ್ವದ ತಾಪತ್ರಯ ಅವರಿಗಿಲ್ಲ. ಅವರ ತೊಂದರೆ ಬಾಯಲ್ಲೇ: ಅಡಿಕೆ ಜಗಿದು ಬಾಯಿ ಬಿಗಿದವರಿಗೆ, ವಸಡು ಹುಣ್ಣಾದವರಿಗೆ ಗಮ್ ಕೊಡುವುದು ಅವಿವೇಕ, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಮೇಲು. ಗಮ್ ಕೇಳಿ ಬಂದವನಿಗೆ ಒಮ್ಮೆ ಬಾಯಿ ತೆರೆಯಲು ಹೇಳಬೇಕು. ಮೂರು ಬೆರಳು ನೆಟ್ಟಗೆ ಒಳಹೋಗದಿದ್ದರೆ ದಂತವೈದ್ಯರಲ್ಲಿಗೆ ಕಳಿಸಬೇಕು, ಬಿಲ್ಲಿನ ಹಿಂದೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356 ಬರೆದುಕೊಡಬೇಕು.