ಮಣ್ಣು ತಿನ್ನುವ ಮಗುವಿನ ರಕ್ತವನ್ನೂ ನೋಡಿ

ಮಕ್ಕಳು ತಿನ್ನುವ ಮಣ್ಣಿನಲ್ಲಿರುವ ಸೀಸ ಎಂಬ ವಿಷಲೋಹದ ಬಗ್ಗೆ ಬಂದ ಲೇಖನವೊಂದು, ಆ ಸೀಸವೆಲ್ಲ ಮಗುವಿನ ರಕ್ತ ಸೇರುತ್ತದೆ, ಮಕ್ಕಳ ಕೈ ತೊಳೆಸಿ ಎಂದಿತ್ತು. ಎಲ್ಲ ಸೀಸವೂ ರಕ್ತ ಸೇರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜಠರದ ಆಮ್ಲ ಮಣ್ಣಿನ ಕಣದಿಂದ ಬಿಡಿಸಿದಷ್ಟು ಸೀಸ ಮಾತ್ರ ಕರಗಿ ಸಣ್ಣಕರುಳಿಗೆ ಬರುತ್ತದೆ; ಅದರಲ್ಲೂ ಒಂದು ಪಾಲಷ್ಟೇ ಕರುಳಿನ ಗೋಡೆ ದಾಟುತ್ತದೆ. ಮಣ್ಣಿನ ಫಾಸ್ಫೇಟ್ ಲವಣದ ಜೊತೆ ಗಟ್ಟಿಯಾಗಿ ಬೆಸೆದಿರುವ ಸೀಸ ಬಹುಮಟ್ಟಿಗೆ ಮಲದಲ್ಲೇ ಹೋಗುತ್ತದೆ.

ಆದರೆ ಲೇಖಕರು ಬಿಟ್ಟುಬಿಟ್ಟ ವಿಷಯವೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಕರುಳು ಕಬ್ಬಿಣವನ್ನು ಒಳಗೆಳೆದುಕೊಳ್ಳುವ ದಾರಿಯಲ್ಲೇ ಸೀಸವೂ ನುಗ್ಗುತ್ತದೆ. ಕಬ್ಬಿಣದ ಕೊರತೆಯಿರುವ ಮಗುವಿನಲ್ಲಿ ಆ ಬಾಗಿಲು ಅಗಲವಾಗಿ ತೆರೆದಿರುತ್ತದೆ, ಹೊಟ್ಟೆ ಖಾಲಿಯಿದ್ದರಂತೂ ಅಪಾಯ ಇನ್ನೂ ಹೆಚ್ಚು. ಮಣ್ಣು ತಿನ್ನುವ ಚಟ ಅಂಟಿಕೊಳ್ಳುವುದೂ ಎಷ್ಟೋ ಸಲ ಇಂಥ ಮಕ್ಕಳಿಗೇ! ತೀರ್ಥಹಳ್ಳಿ ಬಳಿಯ ನಮ್ಮ ಮನೆಯಲ್ಲಿ ಮೊಮ್ಮಗಳು, ಸೀಸವಿರಬಹುದಾದ ಹಳೆಯ ಬಣ್ಣ ಉದುರಿ ಬಿದ್ದಿದ್ದ ಜಗಲಿಯ ಕೆಳಗಿನ ಮಣ್ಣನ್ನೇ ಹುಡುಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬೈದೆವು, ಬೆರಳಿಗೆ ಬೇವಿನೆಣ್ಣೆ ಹಚ್ಚಿದೆವು. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದ್ದು ಮಾತ್ರ ಎಷ್ಟೋ ತಿಂಗಳ ನಂತರ. ಕಬ್ಬಿಣದ ಔಷಧ ಶುರುವಾದ ಮೇಲೆ ಚಟ ತಾನಾಗಿಯೇ ಬಿಟ್ಟಿತು. ಮಕ್ಕಳ ಕೈ ತೊಳೆಸಿ ಎಂಬ ಸಲಹೆಯ ಪಕ್ಕದಲ್ಲೇ ರಕ್ತ ಪರೀಕ್ಷೆ ಮಾಡಿಸಿ ಎಂದೂ ಬರೆಯಬೇಕಿತ್ತು.