‘ಕನೆಕ್ಟ್ ಆಗ್ತಿಲ್ಲ’ ಅನ್ನೋ ಮೊದಲು ಎರರ್ ಅನ್ನ ಒಂದ್ಸಲ ಕನ್ನಡದಲ್ಲಿ ಹೇಳಿ ನೋಡಿ

ಕಳೆದ ಗುರುವಾರ ರಾತ್ರಿ ಒಂಬತ್ತೂವರೆಗೆ ನಮ್ಮ ತಂಡದ ಹುಡುಗ ಫೋನ್ ಮಾಡಿದ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ. ದಾವಣಗೆರೆ ಕಡೆಯ ಹಳ್ಳಿಯವನು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ತುಂಬಾ ಚುರುಕು.

"ಮೇಡಂ, ಡೇಟಾಬೇಸ್ ಕನೆಕ್ಟ್ ಆಗ್ತಿಲ್ಲ."

"ಏನಂತ ಬರ್ತಿದೆ?"

"ಎರರ್ ಬರ್ತಿದೆ ಮೇಡಂ."

"ಯಾವ ಎರರ್? ಓದು ನೋಡೋಣ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೀಬೋರ್ಡ್ ಸದ್ದು. ಎರರ್ ಹುಡುಕುತ್ತಿದ್ದಾನೆ ಅಂತ ಗೊತ್ತಾಯಿತು.

ಅಷ್ಟರೊಳಗೆ ಅವನು ಸರ್ವಿಸ್ ಅನ್ನು ಮೂರು ಸಲ ರೀಸ್ಟಾರ್ಟ್ ಮಾಡಿದ್ದ. ಪಾಸ್‌ವರ್ಡ್ ಬದಲಾಯಿಸಿದ್ದ. ಆಗಲೂ ಆಗದಿದ್ದಾಗ ಡೇಟಾಬೇಸಿನ ಸೆಕ್ಯುರಿಟಿ ಗ್ರೂಪಿನಲ್ಲಿ (ಯಾರನ್ನು ಒಳಗೆ ಬಿಡಬೇಕು ಅನ್ನುವ ಕಾವಲು ನಿಯಮಗಳು) ಡೇಟಾಬೇಸಿನ ಬಾಗಿಲಾದ 5432 ಪೋರ್ಟನ್ನು 0.0.0.0/0 ಗೆ ತೆರೆದಿದ್ದ. ಜಗತ್ತಿನ ಯಾವ ಐಪಿಯಿಂದ (ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ) ಬೇಕಾದರೂ ಬನ್ನಿ ಅಂತ ಅದರ ಅರ್ಥ. ಆಮೇಲೆ ಇನ್ನೊಮ್ಮೆ ಪಾಸ್‌ವರ್ಡ್ ಬದಲಾಯಿಸಿದ್ದ. ಇಷ್ಟೆಲ್ಲ ಮಾಡಿದವನು ಎರರ್ ಅನ್ನು ಮಾತ್ರ ಪೂರ್ತಿ ಓದಿರಲಿಲ್ಲ.

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಈ ಅಭ್ಯಾಸ ಅವನಿಗೆ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಅದಕ್ಕೇ ಇದನ್ನು ಬರೀತಾ ಇದೀನಿ. ಕ್ಲೌಡ್ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ನಮ್ಮ ಹುಡುಗ ಹುಡುಗಿಯರು ಓದಲಿ. ಅವರ ಪಕ್ಕ ಕೂರುವ ಸೀನಿಯರ್‌ಗಳು ಇನ್ನೂ ಜಾಸ್ತಿ ಓದಲಿ.

‘ಕನೆಕ್ಟ್ ಆಗ್ತಿಲ್ಲ’ ಅನ್ನುವ ಒಂದೇ ಮಾತಿನ ಹಿಂದೆ ಕನಿಷ್ಠ ಐದಾರು ಬೇರೆ ಬೇರೆ ಕಾಯಿಲೆ ಇರುತ್ತವೆ. ಪ್ರತಿಯೊಂದಕ್ಕೂ ಮದ್ದು ಬೇರೆ. ಸರ್ವರಿನ ಹೆಸರು ಐಪಿ ಆಗಿ ಬದಲಾಗದಿದ್ದರೆ ಅದು ಡಿಎನ್‌ಎಸ್, ಅಂದರೆ ಹೆಸರಿಗೆ ವಿಳಾಸ ಹುಡುಕಿ ಕೊಡುವ ವ್ಯವಸ್ಥೆಯ ಸಮಸ್ಯೆ. ನಮ್ಮ ಪ್ಯಾಕೆಟ್ (ನಾವು ಕಳಿಸುವ ಡೇಟಾದ ಪೊಟ್ಟಣ) ಇನ್ನೂ ಮನೆಯಿಂದ ಹೊರಟೇ ಇಲ್ಲ. ‘ಟೈಮ್ಡ್ ಔಟ್’ ಅಂದರೆ ಹೊರಟಿದೆ, ಆದರೆ ಯಾರೂ ಉತ್ತರ ಕೊಡುತ್ತಿಲ್ಲ. ಸೆಕ್ಯುರಿಟಿ ಗ್ರೂಪು ತನಗೆ ಒಪ್ಪಿಗೆಯಾಗದ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬೀಳಿಸಿಬಿಡುತ್ತದೆ. ಬೇಡ ಅಂತಲೂ ಹೇಳುವುದಿಲ್ಲ. ಈ ಕಡೆಯವನು ಸುಮ್ನೆ ಕಾಯುತ್ತಾ ಕೂರುತ್ತಾನೆ.

‘ಕನೆಕ್ಷನ್ ರೆಫ್ಯೂಸ್ಡ್’ ಬೇರೆ ಕಥೆ. ಅದು ಎಂಟರ್ ಒತ್ತಿದ ತಕ್ಷಣ ಬರುತ್ತದೆ. ನೋಡಿದರೆ ಮುಖಕ್ಕೆ ಹೊಡೆದ ಹಾಗಿರುತ್ತದೆ, ಆದರೆ ಸಾಮಾನ್ಯವಾಗಿ ಅದು ಒಳ್ಳೆ ಸುದ್ದಿ. ದಾರಿ ಸರಿ ಇದೆ, ಮಷೀನ್ ಸಿಕ್ಕಿದೆ, ಆ ಪೋರ್ಟಿನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಅಷ್ಟೆ. ಪ್ರೋಗ್ರಾಂ ಬಿದ್ದಿರಬಹುದು, ಇಲ್ಲ ಬೇರೆ ಪೋರ್ಟಿನಲ್ಲಿ ಇರಬಹುದು. ಅಲ್ಲಿ ಹೋಗಿ ಫೈರ್‌ವಾಲ್ ನಿಯಮ ತಿದ್ದುತ್ತಾ ಕೂತರೆ ರಾತ್ರಿ ಪೂರ್ತಿ ಕಳೆದರೂ ಏನೂ ಆಗಲ್ಲ.

ಇದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಇಂಟರ್‌ವ್ಯೂನಲ್ಲಿ ಕೇಳಿದರೆ ಹೇಳುತ್ತಾರೆ. ರಾತ್ರಿ ಪೇಜರ್ ಹೊಡೆದಾಗ ಮಾತ್ರ ಕೆಂಪು ಅಕ್ಷರ ಕಂಡ ಕೂಡಲೇ ಕಣ್ಣು ಮುಂದಕ್ಕೆ ಜಾರಿಬಿಡುತ್ತದೆ. ಕನ್ನಡ ಮೀಡಿಯಂನಿಂದ ಬಂದವರಲ್ಲಿ ಇದು ಇನ್ನೂ ಜಾಸ್ತಿ ಅನ್ನೋದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಇಂಗ್ಲಿಷಿನಲ್ಲಿ ಬರುವ ಎರರ್ ಅವರಿಗೆ ಮಾಹಿತಿಯ ಹಾಗೆ ಕಾಣುವುದಿಲ್ಲ, ಬೈಗುಳದ ಹಾಗೆ ಕಾಣುತ್ತದೆ. ಬೈಗುಳವನ್ನು ಯಾರು ಎರಡು ಸಲ ಓದುತ್ತಾರೆ?

ಅದಕ್ಕೆ ನಾನು ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಅವತ್ತೂ ಅದನ್ನೇ ಮಾಡಿಸಿದೆ. "ಎರರ್ ಏನು ಹೇಳ್ತಿದೆ ಅಂತ ನನಗೆ ಕನ್ನಡದಲ್ಲಿ ಹೇಳು. ಹೇಳೋವರೆಗೆ ಯಾವುದನ್ನೂ ಮುಟ್ಟಬೇಡ."

ಅವನು ಓದಿಕೊಂಡ. "ಪಾಸ್‌ವರ್ಡ್ ಸರಿ ಇಲ್ಲ ಅಂತಿದೆ ಮೇಡಂ."

"ಯಾರು ಅಂತಿರೋದು?"

ಸ್ವಲ್ಪ ಹೊತ್ತು ಬಿಟ್ಟು, "ಡೇಟಾಬೇಸ್… ಅಂದ್ರೆ ಡೇಟಾಬೇಸ್ ತನಕ ಹೋಗಿದೆ ಅಲ್ವಾ ಮೇಡಂ?"

ಹೌದು! ಲಾಗ್ (ನಡೆದದ್ದೆಲ್ಲ ಸಾಲು ಸಾಲಾಗಿ ದಾಖಲಾಗುವ ಫೈಲ್) ಮೇಲಕ್ಕೆ ಎಳೆದು ನೋಡಲು ಹೇಳಿದೆ. ಎಂಟೂವರೆಗೆ ಇದ್ದ ಎರರ್ ‘ಟೈಮ್ಡ್ ಔಟ್’. ಒಂಬತ್ತೂಕಾಲರ ಹೊತ್ತಿಗೆ ಅದು ‘ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್’ ಆಗಿತ್ತು. ಮಧ್ಯದಲ್ಲಿ ಎರರ್ ಬದಲಾಗಿದ್ದು ಅವನಿಗೆ ಗೊತ್ತೇ ಆಗಿರಲಿಲ್ಲ. ಅವನ ಪಾಲಿಗೆ ಎರಡೂ ‘ಆಗ್ತಿಲ್ಲ’ ಅಷ್ಟೆ. ಒಂದು ಸಮಸ್ಯೆ ಬಗೆಹರಿದು ಎರಡನೆಯದು ಕಾಣಿಸಿಕೊಂಡಿತ್ತು, ಅವನು ಮಾತ್ರ ಇನ್ನೂ ಮೊದಲನೆಯದರ ಜೊತೆಗೇ ಗುದ್ದಾಡುತ್ತಿದ್ದ.

ಮೊದಲನೆಯದಕ್ಕೆ ಕಾರಣ ಸರಳ. ಆ ದಿನ ಮಧ್ಯಾಹ್ನ ಸರ್ವಿಸ್ ಅನ್ನು ಹೊಸ ಸಬ್‌ನೆಟ್ಟಿಗೆ, ಅಂದರೆ ನೆಟ್‌ವರ್ಕಿನ ಬೇರೆ ಭಾಗಕ್ಕೆ ಸಾಗಿಸಿದ್ದರು. ಡೇಟಾಬೇಸಿನ ಸೆಕ್ಯುರಿಟಿ ಗ್ರೂಪಿಗೆ ಹಳೇ ಸಬ್‌ನೆಟ್ ಮಾತ್ರ ಗೊತ್ತಿತ್ತು. ಹೊಸದನ್ನು ಸೇರಿಸಿದರೆ ಮುಗೀತು, ಒಂದೇ ಸಾಲಿನ ಕೆಲಸ.

ಎರಡನೆಯದರ ಮೇಲೆ ಒಂದು ಗಂಟೆ ಕೂತೆವು. ಅದೇ ಯೂಸರ್, ಅದೇ ಪಾಸ್‌ವರ್ಡ್. ಅವನ ಲ್ಯಾಪ್‌ಟಾಪಿನಿಂದ ಬ್ಯಾಸ್ಟಿಯನ್ (ಒಳಗಿನ ನೆಟ್‌ವರ್ಕಿಗೆ ಹೋಗಲು ಇಟ್ಟಿರುವ ಕಾವಲು ಮಷೀನ್) ಮೂಲಕ ಹೋದರೆ ಸಲೀಸಾಗಿ ಒಳಗೆ ಬಿಡುತ್ತದೆ. ನಮ್ಮ ಸರ್ವಿಸ್ ಓಡುವ ಡಬ್ಬಿ, ಅಂದರೆ ಕುಬರ್ನೆಟೀಸ್ ಪಾಡ್‌ನಿಂದ ಹೋದರೆ ಬಿಡಲ್ಲ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ಹೊರಗಿನವರಿಗೆ ಹೆಚ್ಚಿಗೆ ಬಾಯಿ ಬಿಡುವುದಿಲ್ಲ. ಆ ಹೆಸರಿನ ಯೂಸರೇ ಇಲ್ಲದಿದ್ದರೂ, ಪಾಸ್‌ವರ್ಡ್ ತಪ್ಪಿದ್ದರೂ ಅದು ಹೇಳುವುದು ಅದೇ ಒಂದು ಸಾಲು. ಯಾವ ಯೂಸರ್ ಇದ್ದಾನೆ, ಯಾವನು ಇಲ್ಲ ಅಂತ ಕಳ್ಳನಿಗೆ ಗೊತ್ತಾಗಬಾರದಲ್ಲ! ನಿಜವಾದ ಕಾರಣ ಸರ್ವರಿನ ಲಾಗ್‌ನಲ್ಲಿ ಇರುತ್ತದೆ. ಅದಕ್ಕೇ ನಾನು ಯಾವಾಗಲೂ ಹೇಳುವುದು, ಕೇಳುವವನ ಕಡೆ ಲಾಗ್ ಅರ್ಧ ಕಥೆ, ಕೊಡುವವನ ಕಡೆ ಲಾಗ್ ಇನ್ನರ್ಧ. ಅಲ್ಲಿ ನೋಡಿದೆವು. ಯೂಸರ್ ಇದ್ದಾನೆ, ಪಾಸ್‌ವರ್ಡೇ ಹೊಂದುತ್ತಿಲ್ಲ.

ಹಾಗಾದರೆ ಪಾಡ್ ಕಳಿಸುತ್ತಿರುವ ಪಾಸ್‌ವರ್ಡ್ ಯಾವುದು? ಸೀಕ್ರೆಟ್ (ಕುಬರ್ನೆಟೀಸ್ ಪಾಸ್‌ವರ್ಡ್ ಇಟ್ಟುಕೊಳ್ಳುವ ಜಾಗ) ತೆಗೆದು ನೋಡಿದೆವು. ಅಲ್ಲಿ ಸಿಕ್ಕಿತು.

ಅವನು ಪಾಸ್‌ವರ್ಡನ್ನು ‘ಎಕೋ’ (ಕೊಟ್ಟದ್ದನ್ನು ಹಾಗೇ ಬರೆಯುವ) ಕಮಾಂಡಿನಿಂದ ಬೇಸ್64 ಗೆ (ಬೈಟುಗಳನ್ನು ಸಾದಾ ಅಕ್ಷರಗಳಲ್ಲಿ ಬರೆಯುವ ರೀತಿ) ಕೊಟ್ಟಿದ್ದ. ಎಕೋ ತನ್ನ ಪಾಡಿಗೆ ಕೊನೆಯಲ್ಲಿ ಒಂದು ಹೊಸ ಸಾಲಿನ ಗುರುತು ಸೇರಿಸುತ್ತದೆ. ಕಣ್ಣಿಗೆ ಕಾಣದ ಒಂದೇ ಒಂದು ಬೈಟ್. ಅದೂ ಪಾಸ್‌ವರ್ಡಿನ ಜೊತೆಗೆ ಬೇಸ್64 ಆಗಿ ಸೀಕ್ರೆಟ್ಟಿಗೆ ಹೋಗಿ ಕೂತಿತ್ತು. ನಾವು ನೋಡುವ ಪಾಸ್‌ವರ್ಡಿಗೂ ಪಾಡ್ ಕಳಿಸುವ ಪಾಸ್‌ವರ್ಡಿಗೂ ಅಷ್ಟೇ ವ್ಯತ್ಯಾಸ. ಎರಡು ಸಲ ಪಾಸ್‌ವರ್ಡ್ ಬದಲಾಯಿಸಿದಾಗಲೂ ಅದೇ ಕಮಾಂಡ್ ಓಡಿಸಿದ್ದ, ಎರಡು ಸಲವೂ ಅದೇ ಬೈಟ್ ಬಂದು ಸೇರಿತ್ತು. ಮನೆಯಲ್ಲಿ ನೀವೇ ಮಾಡಿ ನೋಡಬಹುದು. ‘ಅಡ್ಮಿನ್’ ಅನ್ನುವ ಐದು ಇಂಗ್ಲಿಷ್ ಅಕ್ಷರಗಳನ್ನು ಬೇಸ್64 ಮಾಡಿದರೆ ಕೊನೆಯಲ್ಲಿ ಒಂದು ಈಕ್ವಲ್ ಚಿಹ್ನೆ ಬರಬೇಕು. ಎಕೋಗೆ ಮೈನಸ್ ಎನ್ (ಹೊಸ ಸಾಲು ಬೇಡ ಅಂತ ಹೇಳುವ ಗುರುತು) ಹಾಕುವುದನ್ನು ಮರೆತರೆ ಆ ಜಾಗದಲ್ಲಿ ದೊಡ್ಡಕ್ಷರದ ‘ಕೆ’ ಬಂದು ಕೂರುತ್ತದೆ. ಆ ‘ಕೆ’ ತೋರಿಸಿದಾಗ ಅವನು "ಅಯ್ಯೋ" ಅಂದ. ನನಗೂ ಹಿಂದೊಮ್ಮೆ ಇದನ್ನು ಒಬ್ಬರು ಪಕ್ಕದಲ್ಲಿ ಕೂತು ತೋರಿಸಿದ್ದರು. ಇವತ್ತಿಗೂ ಅವರನ್ನು ನೆನೆಯುತ್ತೇನೆ.

ಇದೇ ಜಾತಿಯ ಇನ್ನೊಂದು ಇದೆ. ಪಾಸ್‌ವರ್ಡಿನಲ್ಲಿ ಆ್ಯಟ್ ಚಿಹ್ನೆ ಇದ್ದು, ಅದನ್ನು ಹಾಗೇ ಕನೆಕ್ಷನ್ ಯುಆರ್‌ಎಲ್ ಒಳಗೆ ತುರುಕಿದರೆ ಲೈಬ್ರರಿಗೆ ಪಾಸ್‌ವರ್ಡ್ ಎಲ್ಲಿ ಮುಗೀತು, ಹೋಸ್ಟ್ ಹೆಸರು ಎಲ್ಲಿ ಶುರುವಾಯಿತು ಅನ್ನೋದೇ ಗೊಂದಲ. ಅಲ್ಲಿ ಶೇಕಡಾ ಚಿಹ್ನೆ ಹಾಕಿ 40 ಅಂತ ಬರೆಯಬೇಕು. ಪಾಸ್‌ವರ್ಡ್ ತಪ್ಪಿದ್ದಕ್ಕೆ ‘ಹೋಸ್ಟ್ ಸಿಗುತ್ತಿಲ್ಲ’ ಅನ್ನುವ ಎರರ್ ಬರುವುದು ಹೀಗೆ. ಆದರೆ ಅಲ್ಲೂ ಎರರ್ ಪೂರ್ತಿ ಓದಿದರೆ, ಅದು ಹುಡುಕುತ್ತಿರುವ ಹೋಸ್ಟ್ ಹೆಸರಿನಲ್ಲೇ ನಿಮ್ಮ ಪಾಸ್‌ವರ್ಡಿನ ಬಾಲ ಕಾಣಬಹುದು.

ಸಂಪರ್ಕ ಬೇರೆ, ಗುರುತು ಬೇರೆ ಅನ್ನೋದಕ್ಕೆ ಇಡೀ ಜಗತ್ತು ನೋಡಿದ ಉದಾಹರಣೆಗಳೇ ಇವೆ. 2020ರ ಡಿಸೆಂಬರ್ 14, ಸೋಮವಾರ. ನಮ್ಮ ಸಮಯ ಸಂಜೆ ಐದೂಕಾಲಕ್ಕೆ ಜಿಮೇಲ್, ಯೂಟ್ಯೂಬ್, ಡಾಕ್ಸ್ ಎಲ್ಲ ಒಟ್ಟಿಗೆ ನಿಂತವು. ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲ. ‘ಗೂಗಲ್ ಡೌನ್’ ಅಂತ ಎಲ್ಲೆಡೆ ಕೂಗು. ಆದರೆ ಇನ್‌ಕಾಗ್ನಿಟೋ ವಿಂಡೋದಲ್ಲಿ, ಲಾಗಿನ್ ಇಲ್ಲದೆ ಯೂಟ್ಯೂಬ್ ತೆರೆದವರಿಗೆ ವಿಡಿಯೊ ಓಡುತ್ತಿತ್ತು! ನೆಟ್‌ವರ್ಕ್ ಸರಿ ಇತ್ತು, ಸರ್ವರುಗಳೂ ಎದ್ದಿದ್ದವು. ಬಿದ್ದಿದ್ದು ‘ನೀನು ಯಾರು’ ಅಂತ ನೋಡುವ ಭಾಗ. ಅದಕ್ಕೆ ಎಷ್ಟು ಜಾಗ ಬೇಕು ಅಂತ ಲೆಕ್ಕ ಇಡುವ ಕೋಟಾ ವ್ಯವಸ್ಥೆ, ಬಳಕೆ ಸೊನ್ನೆ ಅಂತ ತಪ್ಪಾಗಿ ತಿಳಿದು ಕೋಟಾವನ್ನೇ ಇಳಿಸಿಬಿಟ್ಟಿತ್ತು. ಸುಮಾರು 47 ನಿಮಿಷ ಹಾಗೇ ಇತ್ತು.

ಮರುವರ್ಷ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್ಕಿಗೆ ಆಗಿದ್ದು ಪೂರ್ತಿ ಉಲ್ಟಾ. ಅದರ ನೆಟ್‌ವರ್ಕಿಗೆ ಹೋಗುವ ದಾರಿಗಳೇ ಇಂಟರ್ನೆಟ್ಟಿನ ನಕ್ಷೆಯಿಂದ ಅಳಿಸಿಹೋದವು, ಡಿಎನ್‌ಎಸ್ ಸರ್ವರುಗಳು ಕೈಗೆ ಸಿಗಲಿಲ್ಲ. ನಿಮ್ಮ ಪಾಸ್‌ವರ್ಡ್ ಸರಿ ಇದೆಯೋ ಇಲ್ಲವೋ ಅಂತ ಕೇಳಲು ಅಲ್ಲಿ ಯಾರೂ ಸಿಗುತ್ತಿರಲಿಲ್ಲ. ಹೆಚ್ಚುಕಮ್ಮಿ ಆರು ಗಂಟೆ. 2025ರ ಅಕ್ಟೋಬರ್ 20, ದೀಪಾವಳಿಯ ದಿನ ಮಧ್ಯಾಹ್ನ ಅಮೆಜಾನ್ ಕ್ಲೌಡಿನ ವರ್ಜೀನಿಯಾ ರೀಜನ್ (ಅಲ್ಲಿನ ಡೇಟಾಸೆಂಟರ್‌ಗಳ ಗುಂಪು) ಬಿದ್ದಿದ್ದರ ಮೂಲವೂ ಅಂಥದ್ದೇ. ಅಮೆಜಾನಿನ ಡೇಟಾಬೇಸ್ ಸೇವೆ ಡೈನಮೋಡಿಬಿಯ ವಿಳಾಸಕ್ಕೆ ಡಿಎನ್‌ಎಸ್‌ನಲ್ಲಿ ಇದ್ದ ದಾಖಲೆ ಖಾಲಿಯಾಗಿತ್ತು. ಸರ್ವಿಸ್ ಇದೆ, ವಿಳಾಸ ಇಲ್ಲ. ಇವನ್ನೆಲ್ಲ ‘ಡೌನ್’ ಅನ್ನುವ ಒಂದೇ ಪದದಲ್ಲಿ ಹೇಳಿದರೆ ಕಲಿಯಲು ಏನೂ ಉಳಿಯುವುದಿಲ್ಲ.

ವೆಬ್ ಸರ್ವರ್ ಕೊಡುವ 401, 403 ಅನ್ನುವ ಎರರ್ ನಂಬರುಗಳ ವಿಷಯಕ್ಕೂ ಕನ್ನಡವೇ ಸಹಾಯ ಮಾಡುತ್ತದೆ. 401 ಕ್ಕೆ ಇಂಗ್ಲಿಷಿನಲ್ಲಿ ಇಟ್ಟಿರುವ ಹೆಸರು ‘ಅನ್‌ಆಥರೈಸ್ಡ್’. ಆ ಹೆಸರೇ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಹೇಳಿ: 401 ಅಂದರೆ ‘ನೀನು ಯಾರು ಅಂತ ನನಗೆ ಗೊತ್ತಾಗಲಿಲ್ಲ’. 403 ಅಂದರೆ ‘ನೀನು ಯಾರಾದರೂ ಸರಿ, ಇದನ್ನು ಕೊಡಲ್ಲ’. ಮೊದಲನೆಯದಕ್ಕೆ ಟೋಕನ್ (ಲಾಗಿನ್ ಆದವರಿಗೆ ಸಿಗುವ ಗುರುತಿನ ಚೀಟಿ) ನೋಡಬೇಕು, ಅವಧಿ ಮುಗಿದಿದೆಯಾ, ಹೆಡರಿನಲ್ಲಿ ಹೋಗ್ತಿದೆಯಾ ಅಂತ. ಎರಡನೆಯದಕ್ಕೆ ಪರ್ಮಿಷನ್ ನೋಡಬೇಕು. ಅಮೆಜಾನಿನ ಫೈಲ್ ಇಡುವ ಸೇವೆ ಎಸ್3 ಇಲ್ಲಿ ಸ್ವಲ್ಪ ತೊಂದರೆ ಕೊಡುತ್ತದೆ. ಬಕೆಟ್‌ನ (ಫೈಲ್‌ಗಳಿರುವ ಡಬ್ಬಿ) ಪಟ್ಟಿ ನೋಡುವ ಅನುಮತಿ ನಿಮಗಿಲ್ಲದಿದ್ದರೆ, ಇಲ್ಲದ ಫೈಲ್ ಕೇಳಿದರೂ 404 (‘ಅದು ಇಲ್ಲ’) ಬದಲು 403 ಕೊಡುತ್ತದೆ. ಫೈಲ್ ಹೆಸರಿನ ಸ್ಪೆಲ್ಲಿಂಗ್ ತಪ್ಪಿಗೆ ಜನ ಅರ್ಧ ದಿನ ಪಾಲಿಸಿ ತಿದ್ದುತ್ತಾ ಕೂತದ್ದನ್ನು ನೋಡಿದ್ದೇನೆ.

ಗಡಿಯಾರದ ಬಗ್ಗೆಯೂ ಒಂದು ಮಾತು. ಯಾರೋ ಒಬ್ಬರು ಸರ್ವರಿನ ಗಡಿಯಾರಕ್ಕೆ ಕೈಯಿಂದ ನಮ್ಮ ಇಲ್ಲಿನ ಸಮಯ ಇಡುತ್ತಾರೆ, ಟೈಮ್‌ಝೋನ್ ಮಾತ್ರ ಯುಟಿಸಿ (ಇಡೀ ಲೋಕಕ್ಕೆ ಒಂದೇ ಅಳತೆಯ ಸಮಯ) ಹಾಗೇ ಉಳಿದಿರುತ್ತದೆ. ಆ ಮಷೀನ್ ಈಗ ಲೋಕಕ್ಕಿಂತ ಐದೂವರೆ ಗಂಟೆ ಮುಂದೆ. ಅದು ಕೊಟ್ಟ ಟೋಕನ್ ಬೇರೆಯವರಿಗೆ ‘ಇನ್ನೂ ಹುಟ್ಟಿಲ್ಲದ’ ಟೋಕನ್. ಎಸ್3 ಅಂತೂ ಹದಿನೈದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಸಹಿಯನ್ನೇ ಒಪ್ಪುವುದಿಲ್ಲ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಅಂತ ಕಂಡರೆ ಬೇರೆ ಏನೂ ಹುಡುಕಬೇಡಿ.

ಈಗ ನನಗೆ ನಿಜವಾಗಿ ನೋವು ಕೊಡುವ ವಿಷಯ. ಅವತ್ತು ಅವನು 0.0.0.0/0 ಹಾಕಿದ್ದು. ಪುಣ್ಯಕ್ಕೆ ಆ ಡೇಟಾಬೇಸಿಗೆ ಪಬ್ಲಿಕ್ ಐಪಿ ಇರಲಿಲ್ಲ. ಇದ್ದಿದ್ದರೆ? 5432 ತೆರೆದಿರುವ ಮಷೀನುಗಳನ್ನು ಹುಡುಕುತ್ತಾ ಬಾಟ್‌ಗಳು ಹಗಲು ರಾತ್ರಿ ತಿರುಗುತ್ತಿರುತ್ತವೆ. ಆ ಡೇಟಾಬೇಸಿನಲ್ಲಿ ಇರುವುದು ಯಾರದೋ ಹೆಸರು, ಯಾರದೋ ಮೊಬೈಲ್ ನಂಬರ್, ಯಾರದೋ ಮನೆ ವಿಳಾಸ. ಅವರು ನಮ್ಮನ್ನು ನಂಬಿ ಕೊಟ್ಟಿದ್ದು. ಸರ್ಟಿಫಿಕೇಟ್ (ಸರ್ವರಿನ ಗುರುತಿನ ಪತ್ರ) ಎರರ್ ಬಂದ ಕೂಡಲೇ ‘ವೆರಿಫೈ ಫಾಲ್ಸ್’, ಅಂದರೆ ‘ಪರೀಕ್ಷಿಸಬೇಡ’ ಅಂತ ಹಾಕುವುದೂ ಇದೇ ತಪ್ಪು. ಐಎಎಂ ಪಾಲಿಸಿಯಲ್ಲಿ (ಯಾರಿಗೆ ಯಾವ ಅನುಮತಿ ಅನ್ನುವ ನಿಯಮ) ‘ಎಲ್ಲವೂ’ ಅನ್ನುವ ನಕ್ಷತ್ರ ಚಿಹ್ನೆ ಹಾಕುವುದೂ ಇದೇ ತಪ್ಪು. ಪೋಸ್ಟ್‌ಗ್ರೆಸ್‌ನಲ್ಲಿ ಎಸ್‌ಎಸ್‌ಎಲ್ ಮೋಡ್ ‘ರಿಕ್ವೈರ್’ ಇಟ್ಟರೆ ಎಲ್ಲ ಭದ್ರ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ದಾರಿಯಲ್ಲಿ ಹೋಗುವ ಮಾತನ್ನು ಮುಚ್ಚುತ್ತದೆ, ಎದುರಿಗೆ ಇರುವವನು ನಿಜವಾಗಿ ನಮ್ಮ ಸರ್ವರೇನಾ ಅಂತ ನೋಡುವುದಿಲ್ಲ. ಅದಕ್ಕೆ ‘ವೆರಿಫೈ ಫುಲ್’ ಬೇಕು.

ಎಲ್ಲರೂ ಹೇಳುವುದು ಒಂದೇ, "ಈಗ ತಾತ್ಕಾಲಿಕ, ಆಮೇಲೆ ತೆಗೀತೀನಿ". ಆ ಆಮೇಲೆ ಬರುವುದಿಲ್ಲ. ಕೆಲಸ ನಡೀತಿರುವಾಗ ಯಾರೂ ಮುಟ್ಟಲ್ಲ. ಕಾಮೆಂಟಿನಲ್ಲಿ ‘ಟೆಂಪ್’ ಅಂತ ಬರೆದು ವರ್ಷಗಟ್ಟಲೆ ಉಳಿದ ನಿಯಮಗಳನ್ನು ನಾನೇ ಅಳಿಸಿದ್ದೇನೆ, ಬರೆದವರು ಕೆಲಸ ಬಿಟ್ಟು ಹೋಗಿದ್ದರು.

ಇದನ್ನು ಕಲಿಸಿದ್ದು ನಾವೇ. ‘ಬೇಗ ಮುಗ್ಸಪ್ಪ, ಕ್ಲೈಂಟ್ ಕಾಯ್ತಿದಾರೆ’ ಅಂತ ಐದೈದು ನಿಮಿಷಕ್ಕೆ ಮೆಸೇಜ್ ಹಾಕಿದರೆ ಹೊಸ ಹುಡುಗ ಏನು ಮಾಡಬೇಕು? ನೆಟ್‌ವರ್ಕ್ ಟೀಮಿನವರು ಅಪ್ಲಿಕೇಷನ್ ಟೀಮಿನ ಕಡೆ, ಅವರು ಇವರ ಕಡೆ ಬೆರಳು ತೋರಿಸುವಾಗ ಮಧ್ಯೆ ಸಿಕ್ಕಿಕೊಂಡವನು ಎಲ್ಲ ಬಾಗಿಲನ್ನೂ ತೆರೆದುಬಿಡುತ್ತಾನೆ. ಹತ್ತು ನಿಮಿಷ ಪಕ್ಕದಲ್ಲಿ ಕೂತು, ‘ಇದು ಎಲ್ಲಿಯವರೆಗೆ ಹೋಯ್ತು?’ ಅಂತ ಕೇಳುವ ಒಬ್ಬರು ಅವನಿಗೆ ಬೇಕು. ಆ ಹತ್ತು ನಿಮಿಷ ಕೊಡದೆ ‘ಫ್ರೆಷರ್‌ಗಳಿಗೆ ಬೇಸಿಕ್ಸ್ ಗೊತ್ತಿಲ್ಲ’ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಅವತ್ತು ರಾತ್ರಿ ಹನ್ನೊಂದು ಗಂಟೆಗೆ ಸೀಕ್ರೆಟ್ ಸರಿ ಮಾಡಿ ಪಾಡ್ ರೀಸ್ಟಾರ್ಟ್ ಮಾಡಿದ, ಕನೆಕ್ಟ್ ಆಯಿತು. ಫೋನ್ ಇಡಲು ಬಿಡಲಿಲ್ಲ ನಾನು. 0.0.0.0/0 ಸಾಲು ತೆಗೆಸಿ, ಹೊಸ ಸಬ್‌ನೆಟ್ ಮಾತ್ರ ಸೇರಿಸಿ, ಮತ್ತೆ ಕನೆಕ್ಟ್ ಆಗುತ್ತದೆ ಅಂತ ಕಣ್ಣಾರೆ ನೋಡಿದ ಮೇಲೇ ಮಲಗಿದ್ದು.

ಮೊನ್ನೆ ಬೆಳಿಗ್ಗೆ ಅವನಿಂದ ವಾಟ್ಸ್ಆ್ಯಪ್ ಬಂತು. "ಮೇಡಂ, ಇನ್ನೊಂದು ಸರ್ವಿಸ್ ನಿಂತಿದೆ. ವಿಳಾಸ ಸಿಕ್ತಿದೆ, ಪೋರ್ಟ್ ತನಕ ಹೋಗ್ತಿದೆ. ಸರ್ಟಿಫಿಕೇಟ್ ಯಾರು ಕೊಟ್ಟಿದ್ದು ಅಂತ ಗೊತ್ತಾಗದೆ ಅಲ್ಲಿ ನಿಂತಿದೆ. ಏನೂ ಮುಟ್ಟಿಲ್ಲ, ನೋಡ್ತಾ ಇದೀನಿ."