ಕ್ರಮ ಇದೆ, ಹತ್ತಿರದಲ್ಲಿ ಮಾತ್ರ
ಗಾಜಿನ ಪರಮಾಣುಗಳಿಗೆ ‘ಯಾವ ಕ್ರಮವೂ ಇಲ್ಲ’ ಎಂದು ಗಾಜಿನ ಕುರಿತ ನಿಮ್ಮ ಲೇಖನದಲ್ಲಿರುವುದನ್ನು ಒಪ್ಪಲಾರೆ. ಒಂದೊಂದು ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್, ಈ ಕಟ್ಟು ಸ್ಫಟಿಕದಲ್ಲಿರುವಂತೆಯೇ ಗಾಜಿನಲ್ಲೂ ಇದೆ. ಇಲ್ಲದಿರುವುದು ದೂರದವರೆಗೆ ಅದೇ ಜೋಡಣೆಯ ಪುನರಾವರ್ತನೆ. ಸ್ಫಟಿಕ ರಚನೆಯ ವಿಜ್ಞಾನಿ ಜಕರಿಯಾಸೆನ್ 1932ರಲ್ಲೇ ಇದನ್ನು ಹೇಳಿದ್ದರು. ಗಾಜು ಮಾಡುವಾಗ ಸೋಡಾ (ಸೋಡಿಯಂ ಕಾರ್ಬೊನೇಟ್) ಬೆರೆತರೆ ಸಿಲಿಕಾನ್‌ಗಳ ನಡುವಿನ ಆಕ್ಸಿಜನ್ ಸೇತುವೆ ಅಲ್ಲಲ್ಲಿ ಮುರಿದು ಪಕ್ಕದಲ್ಲಿ ಸೋಡಿಯಂ ಕೂರುತ್ತದೆ. ಗಾಜು ಕಡಿಮೆ ಶಾಖಕ್ಕೇ ಕರಗುವುದು ಇದರಿಂದಲೇ, ಲೇಖನದಲ್ಲಿರುವಂತೆ ಇದನ್ನು ಬರೀ ‘ದೋಷ’ ಎಂದರೆ ಹೇಗೆ? ಆದರೆ ಅದಕ್ಕೆ ಬೆಲೆಯೂ ಇದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಗಾಜಿನ ಹೆಂಚು ಮಳೆ ತಿಂದು ತಿಂದು ಮಂಕಾಗಿದೆ (ಪಾಚಿಯಲ್ಲ, ಅದಾದರೆ ಉಜ್ಜಿದರೆ ಹೋಗುತ್ತದೆ). ನೀರು ಮೇಲ್ಮೈಯ ಸೋಡಿಯಂ ಅನ್ನು ಸೆಳೆದುಕೊಳ್ಳುತ್ತದೆ. ಹೊರೆ ಬಿದ್ದ ಗಾಜಿನಲ್ಲಿ ಬಿರುಕಿನ ತುದಿಯ ಬಂಧವನ್ನೇ ಕತ್ತರಿಸುತ್ತದೆ. ಮಲೆನಾಡಿನವರಿಗೆ ಮುಖ್ಯವಾದ ಈ ಭಾಗವೇ ಲೇಖನದಲ್ಲಿ ಬಿಟ್ಟುಹೋಗಿದೆ.